ಅಪ್ಪ ತಂದ ಜೇಡ

ನಿನ್ನೆ ಮಗಳ ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ನೀರು ನೀಲಿಯಾಯಿತು, ಮೂಗಿಗೆ ಹಳೆಯ ವಾಸನೆಯೊಂದು ಬಡಿಯಿತು. ನಿಮಗಾದರೆ ಬಟ್ಟೆ ಬಣ್ಣ ಬಿಡುತ್ತಿದೆ ಅನಿಸೀತು. ನನಗೆ ಅಪ್ಪ ಕೆಲಸ ಮುಗಿಸಿ ಮನೆಗೆ ಬಂದಂತಾಯಿತು.

ಅಪ್ಪ ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿದ್ದ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಅವ್ವ ಊಟಕ್ಕೆ ಚಮಚ ಕೊಟ್ಟರೆ ಸಿಟ್ಟಾಗುತ್ತಿದ್ದ. ನನಗಾಗ ಡಿಗ್ರಿ ಎರಡನೇ ವರ್ಷ, ಪ್ರಾಣಿಶಾಸ್ತ್ರ. ಕಲ್ಲಿನಲ್ಲಿ ಅಚ್ಚಾಗಿ ಉಳಿದ ಜೇಡದ ನೆಂಟರ ಹೆಸರುಗಳನ್ನು ಬಾಯಿಪಾಠ ಮಾಡಿ ಮನೆಯವರ ತಲೆ ತಿನ್ನುತ್ತಿದ್ದೆ. ತಿಳಿದದ್ದು ಕಮ್ಮಿ, ಒದರಿದ್ದು ಜಾಸ್ತಿ.

ಒಂದು ಭಾನುವಾರ ಅಪ್ಪ ಕುರುಗೋಡಿಗೆ ಹೋಗಿದ್ದವನು ಟವೆಲಿನಲ್ಲಿ ಅಂಗೈಯಗಲದ ಕಲ್ಲು ಸುತ್ತಿಕೊಂಡು ಬಂದ. ಅದರ ಮೇಲೆ ಕಾಲು ಚಾಚಿದಂಥ ಕಪ್ಪು ಗೆರೆಗಳಿದ್ದವು. ಮನೆಯಲ್ಲಿ ನನ್ನ ಗೆಳತಿಯರೂ ಇದ್ದರು.

“ಇದರಾಗ ಜ್ಯಾಡ ಐತಿ ನೋಡವಾ. ನೀನ ಒಂದು ಹೆಸರಿಡು,” ಅಂದ.

“ಅಪ್ಪಾ, ಕುರುಗೋಡು ಗುಡ್ಡದ್ದು ಗ್ರಾನೈಟ್. ಅದರಾಗ ಜೀವಿ ಅಚ್ಚು ಇರಂಗಿಲ್ಲ. ನೀರು ಇಳಿದು ಆಗಿರೋ ಕಲೆ ಅದು. ಕಲೆಗೆ ಯಾರು ಹೆಸರಿಡ್ತಾರ?”

ಗೆಳತಿಯರು ನಕ್ಕರು. ಅಪ್ಪನೂ ನಕ್ಕ. “ಹೌದಾ? ನನಗೇನು ಗೊತ್ತವಾ,” ಎಂದು ಕಲ್ಲನ್ನು ಮತ್ತೆ ಟವೆಲಿನಲ್ಲಿ ಸುತ್ತಿದ. ಮರುದಿನ ಅದು ಶೆಡ್ಡಿಗೆ ಹೋಗಿ, ಬಣ್ಣದ ಡ್ರಮ್ಮಿನ ಮುಚ್ಚಳದ ಮೇಲೆ ಕೂತಿತಂತೆ. ಆಮೇಲೆ ಅಪ್ಪ ನನಗಾಗಿ ಎಲ್ಲಿಂದಲೂ ಏನನ್ನೂ ಹೆಕ್ಕಿ ತರಲಿಲ್ಲ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಈಗಲೂ ಚುಚ್ಚುವುದು ಅದೇ.

ಈಗ ಸಿರುಗುಪ್ಪದ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತೇನೆ. ಹೋದ ತಿಂಗಳು ಓದುತ್ತಿದ್ದಾಗ ಇಡ್ಮೊನರಾಕ್ನೆ ಎಂಬ ಹೆಸರು ಸಿಕ್ಕಿತು. ಕೋಟ್ಯಂತರ ವರ್ಷ ಹಿಂದಿನ ಜೀವಿ, ಜೇಡದ ಹತ್ತಿರದ ನೆಂಟ, ಆದರೆ ದಾರ ನೂಲುವ ಅಂಗವಿಲ್ಲ. ಗ್ರೀಕರ ಪುರಾಣದಲ್ಲಿ ನೇಯುವ ಹುಡುಗಿಯೊಬ್ಬಳು ದೇವತೆಯ ಸಿಟ್ಟಿಗೆ ಸಿಕ್ಕಿ ಜೇಡವಾಗುತ್ತಾಳಂತೆ. ಜೇಡಗಳ ವರ್ಗಕ್ಕೆಲ್ಲ ಅವಳದೇ ಹೆಸರು. ನೂಲಲು ಬಾರದ ಈ ನೆಂಟನಿಗೆ ಮಾತ್ರ ಅವಳ ಹೆಸರಿನ ಮುಂದೆ ಅವಳಪ್ಪನ ಹೆಸರನ್ನೂ ಸೇರಿಸಿದ್ದಾರೆ. ಆ ಅಪ್ಪ ಉಣ್ಣೆಗೆ ಬಣ್ಣ ಹಾಕುವವನು. ಅದನ್ನು ಓದಿ, ಮುಂದಿನ ಪುಟ ತಿರುವಲಾಗದೆ ಕೂತುಬಿಟ್ಟೆ.

ಅಪ್ಪ ತೀರಿಕೊಂಡು ವರ್ಷಗಳಾದವು. ಆ ಶೆಡ್ಡೂ ಇಲ್ಲ, ಕಲ್ಲು ಎಲ್ಲಿ ಹೋಯಿತೋ.

ನಿನ್ನೆ ಪ್ಯಾಂಟು ಹಿಂಡಿ ಒಣಹಾಕಿದ ಮೇಲೆ, ಕಾಲೇಜಿನ ಕಪಾಟಿನ ಮಾದರಿಗಳಿಗೆ ಅಂಟಿಸುವಂಥ ಒಂದು ಚೀಟಿ ಬರೆದೆ. ಹೆಸರು: ಅಪ್ಪನ ಜೇಡ. ಸ್ಥಳ: ಕುರುಗೋಡು. ತಂದವರು: ನಮ್ಮಪ್ಪ. ಬರೆದದ್ದಾಯಿತು, ಅಂಟಿಸಲು ಕಲ್ಲಿಲ್ಲ. ಚೀಟಿ ಮೇಜಿನ ಮೇಲೆಯೇ ಇದೆ, ಅಂಚಿಗೆ ನನ್ನ ಹೆಬ್ಬೆರಳಿನ ನೀಲಿ ಹತ್ತಿದೆ.