ಬರಿಹೊಟ್ಟೆಯ ಮಾತ್ರೆ

ಅಪ್ಪನಿಗೆ ಪ್ರಾಸ್ಟೇಟ್ ತೊಂದರೆ ಶುರುವಾದಾಗ ಹಾಸನದ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, "ಊಟದ ಜೊತೇಲೇ ತಗೋಬೇಕು, ಬರಿಹೊಟ್ಟೇಲಿ ನುಂಗಿದ್ರೆ ಮೈಗೆ ಹಿಡಿಯಲ್ಲ" ಎಂದಿದ್ದರು. ಅಪ್ಪ ಕೇಳಿಸಿಕೊಂಡನೋ ಇಲ್ಲವೋ, ಅವ್ವ ಕೇಳಿಸಿಕೊಂಡಳು. ರಾತ್ರಿ ಅವನ ಮುದ್ದೆ ಅರ್ಧ ಮುಗಿಯುತ್ತಲೇ ತಟ್ಟೆಯ ಅಂಚಿಗೆ ಮಾತ್ರೆ ಇಟ್ಟು, ಅದು ಗಂಟಲಿಳಿಯುವವರೆಗೂ ಎದುರಿಗೇ ಕೂರುತ್ತಿದ್ದಳು. ಆಮೇಲೆ ತನ್ನ ಊಟ. ಅಪ್ಪನಿಗಿಂತ ಮೊದಲು ಅವಳು ಉಂಡದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಅವಳ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಂದು ಸಂಜೆ, ಹೊಳೆನರಸೀಪುರದ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವ್ವ ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ.

ನಮ್ಮಲ್ಲಿ ತವರಿನ ಸೀರೆ ಹೊದಿಸದೆ ಹೆಂಗಸಿನ ಹೆಣ ಎತ್ತುವುದಿಲ್ಲ. ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಸೀರೆ ತರಬೇಕಾದ ನುಗ್ಗೇಹಳ್ಳಿಯ ಸೋದರಮಾವ ಅಂದು ಯಾತ್ರೆಗೆ ಹೋಗಿದ್ದ. ಮಾರನೆಯ ಮಧ್ಯಾಹ್ನಕ್ಕೆ ಮೊದಲು ಬರುವಂತಿರಲಿಲ್ಲ.

ಅಪ್ಪನ ಮಾತ್ರೆಯ ಹೊತ್ತಾಯಿತೆಂದು ಪಕ್ಕದ ಮನೆಯಿಂದ ಮೊಸರನ್ನ ತಂದೆ. ಅಪ್ಪನ ಅಕ್ಕ ಬಾಗಿಲಲ್ಲೇ ತಡೆದಳು.

"ಎಣ ಮಲಗಿರೋ ಮನೆಗೆ ಅನ್ನ ತತ್ತೀಯೇನೇ? ಮಾತ್ರೆ ತಾನೆ, ನೀರಲ್ಲಿ ನುಂಗ್ಲಿ ಬುಡು."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅತ್ತೆ ಆಗಷ್ಟೇ ಅದೇ ಪಕ್ಕದ ಮನೆಯಲ್ಲಿ ಕಾಫಿ, ಬನ್ನು ಮುಗಿಸಿ ಬಂದಿದ್ದಳು. ಅವಳನ್ನು ಸರಿಸಿ ಒಳಗೆ ಹೋಗಿ, ಅವ್ವನ ಪಕ್ಕ ಕೂತಿದ್ದ ಅಪ್ಪನ ಮುಂದೆ ತಟ್ಟೆ ಇಟ್ಟೆ.

ಅಪ್ಪ ಅದನ್ನು ದೂರ ತಳ್ಳಿದ. "ನಾನು ಉಣ್ಣೋಗಂಟ ಒಂದ್ ತುತ್ತು ಬಾಯಿಗಿಟ್ಟೋಳಲ್ಲ ಕಣವ್ವ ಇವ್ಳು. ಈಗ ಇವ್ಳ ಮುಂದೆ ಕುಂತ್ಕಂಡು ನಾನು ಉಣ್ಲಾ?"

ತಟ್ಟೆ ಎತ್ತಿ ನೀರಿನ ಲೋಟ ಇಟ್ಟೆ. ಅಪ್ಪ ಮಾತ್ರೆಯನ್ನು ಬರಿಯ ನೀರಿನಲ್ಲಿ ನುಂಗಿದ. "ನಾಳೆ ಒಂದಿಡಿ ಮಣ್ಣು ನನ್ ಕೈಯಾರೆ ಆಕ್ಬೇಕು, ಅಷ್ಟೇಯ" ಎಂದ.

ಬೆಳಗಿನಿಂದ ಅವನಿಗೆ ಮೂತ್ರ ಕಟ್ಟಿತ್ತು. ಜನರ ನಡುವೆ ನಾಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದ, ಹಾಗೇ ವಾಪಸು ಬಂದು ಅವ್ವನ ಪಕ್ಕ ಕೂರುತ್ತಿದ್ದ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಮಾವ ಬಂದು ಸೀರೆ ಹೊದಿಸುವಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಾಗಿದ. ಕಿಬ್ಬೊಟ್ಟೆ ಕಲ್ಲಾಗಿತ್ತು. ಮಾವ ಬಂದಿದ್ದ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದೆ. ಹೊತ್ತು ಮುಳುಗುವುದರೊಳಗೆ ತೋಟದಲ್ಲಿ ಮಣ್ಣಾಗಬೇಕೆಂದು ಹಿರಿಯರು ಮನೆಯಲ್ಲಿ ಅಣ್ಣನಿಗೆ ಅವಸರ ಮಾಡುತ್ತಿದ್ದರು.

ಡಾಕ್ಟರು ಮೂತ್ರ ಇಳಿಯಲು ನಳಿಕೆ ಹಾಕಿದರು. ನೋವು ಇಳಿದದ್ದೇ ತಡ, ಅಪ್ಪ ಮಂಚದಿಂದ ಕಾಲು ಕೆಳಗಿಟ್ಟ. ನರ್ಸು ಭುಜ ಹಿಡಿದು ಕೂರಿಸಿದಳು.

"ಬುಡವ್ವ, ಓಗ್ಬೇಕು. ನಾ ಬರೋಗಂಟ ಅವ್ಳು ಕಾಯ್ತಾಳೆ."

ಅಷ್ಟರಲ್ಲಾಗಲೇ ಎಲ್ಲ ಮುಗಿಯಿತೆಂದು ತೋಟದಿಂದ ಅಣ್ಣನ ಫೋನು ಬಂದಿತ್ತು. ಕಾಯಲಿಲ್ಲಪ್ಪ ಎಂದು ನಾನೇ ಹೇಳಬೇಕಾಯಿತು.