ಒಂದು ತಿಂಗಳು ಇಬ್ಬರಾಗಿದ್ದವರು

ತೀರಿಕೊಂಡ ನನ್ನ ಗಂಡನನ್ನು ಇಂದಿಗೂ ‘ಪ್ರಿಯ’ ಎಂದು ಕರೆಯುವುದು ಆದಾಯ ತೆರಿಗೆ ಇಲಾಖೆ ಮಾತ್ರ. ಅವರು ಬದುಕಿದ್ದಾಗ ನಾನೂ ಹಾಗೆ ಕರೆದವಳಲ್ಲ. ಬೀದರಿನ ಹೆಣ್ಣುಮಕ್ಕಳಿಗೆ ‘ಏನ್ರಿ’ ಎಂದರೆ ಸಾಕು, ಎಲ್ಲ ಬಂತು. ವರ್ಷದ ತಿಥಿ ಮುಗಿಸಿ ಪಾತ್ರೆಗಳನ್ನು ಬೋರಲು ಹಾಕಿದ್ದೆ, ಹೈದರಾಬಾದಿನ ಮಣಿಕೊಂಡದ ನಮ್ಮ ಮನೆಗೆ ಅವರ ಹೆಸರಿನಲ್ಲಿ ಪತ್ರ ಬಂತು. ‘ಪ್ರಿಯ ತೆರಿಗೆದಾರರೇ, ನಿಮಗೆ ಎರಡು ಕಂಪನಿಗಳಿಂದ ಸಂಬಳ ಬಂದಿದೆ, ಲೆಕ್ಕ ಮಾತ್ರ ಬಂದಿಲ್ಲ, ಉತ್ತರಿಸಿ.’

ಅವರು ತೀರಿಕೊಂಡ ವರ್ಷ ಈ ಊರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಸುಗ್ಗಿ. ಜನ ಬಾಡಿಗೆ ಮನೆಗಿಂತ ಬೇಗ ಕೆಲಸ ಬದಲಿಸುತ್ತಿದ್ದರು. ಹೊಸ ಕಂಪನಿ ನಾಳೆಯೇ ಬಾ ಎಂದಿತು. ಇದ್ದಷ್ಟು ದಿನ ಹೆಸರು ಕೂಡ ಸರಿಯಾಗಿ ಕರೆಯದ ಹಳೆಯ ಕಂಪನಿ, ರಾಜೀನಾಮೆ ಕೊಟ್ಟೊಡನೆ ಇನ್ನೊಂದು ತಿಂಗಳು ಇರಲೇಬೇಕು ಎಂದು ಕೈ ಹಿಡಿಯಿತು. ಯಾರಿಗೂ ಇಲ್ಲ ಎನ್ನಲಾರದ ನಮ್ಮವರು ಇಬ್ಬರಿಗೂ ಹೂಂ ಎಂದರು. ಹಗಲು ಹೊಸ ಕಚೇರಿ, ಸಂಜೆ ಹಳೆಯದು. ಹಳೆಯದರಲ್ಲಿ ತಮ್ಮ ಕೆಲಸವನ್ನು ಮುಂದೆ ಬರುವವನಿಗೆ ಕಲಿಸಿಕೊಡಬೇಕಿತ್ತು; ಬರುವವನನ್ನು ಮಾತ್ರ ಇನ್ನೂ ನೇಮಿಸಿರಲಿಲ್ಲ. ದಿನವೂ ಖಾಲಿ ಕುರ್ಚಿಯ ಪಕ್ಕ ಕುಳಿತು ಬರುತ್ತಿದ್ದರು.

ಈ ವರ್ಷ ಬೇರೆ ಕಡೆ ಸಂಬಳ ಬಂದಿದೆಯೇ ಎಂದು ಹೊಸ ಕಂಪನಿಯವರು ಕೇಳಿದಾಗ, ಹಳೆಯವರ ಬಿಡುಗಡೆ ಪತ್ರ ಕೈಗೆ ಬರಲಿ, ಆಮೇಲೆ ಹೇಳೋಣ ಎಂದು ಸುಮ್ಮನಾದರು. ಪತ್ರ ಬರುವ ಮೊದಲೇ ಹೃದಯ ನಿಂತಿತು.

ಹೀಗಾಗಿ ಎರಡೂ ಕಂಪನಿಗಳು ಅವರನ್ನು ತಮ್ಮೊಬ್ಬರ ಆಳೆಂದೇ ತಿಳಿದು, ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂಬ ಸರ್ಕಾರದ ರಿಯಾಯಿತಿಯನ್ನು ತಲಾ ಒಂದೊಂದು ಸಲ ಕೊಟ್ಟು, ತೆರಿಗೆ ಕಡಿಮೆ ಹಿಡಿದಿದ್ದವು. ಅವುಗಳ ಪ್ರಕಾರ ನನಗೆ ಇಬ್ಬರು ಗಂಡಂದಿರು. ಇಬ್ಬರಲ್ಲಿ ಒಬ್ಬನಾದರೂ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸಿದ್ದರೆ!

ಪತ್ರ ಓದಿದ ನನ್ನ ತಮ್ಮ ಎದ್ದು ಬಾಗಿಲು ಮುಚ್ಚಿದ. “ಅಕ್ಕಾ, ಹಳೇ ಕಂಪನಿದು ತೋರಸಬ್ಯಾಡ. ಮಾಮಾ ಎರಡೂ ಕಡೆ ಉಂಡ ಅಂತ ಮಂದಿ ಆಡಿಕೊಂತಾರ. ಸತ್ತವರ ಹೆಸರು ಯಾಕ ಕೆಡಸ್ತಿ?”

ಮಾತು ಎದೆಯಲ್ಲಿ ಕುಳಿತುಬಿಟ್ಟಿತು. ನನಗೆ ಉಳಿದಿದ್ದುದು ಅವರ ಹೆಸರೊಂದೇ. ಮಿಕ್ಕದ್ದನ್ನು, ಅಂಗಿ, ಕೈಗಡಿಯಾರ, ಸ್ಕೂಟರ್ ಸಮೇತ, ನನ್ನ ದುಃಖ ಕಡಿಮೆಯಾಗಲೆಂದು ಬಂಧುಗಳು ಒಯ್ದಿದ್ದರು.

ಊರಿನ ಇನ್ನೊಂದು ಕಡೆ, ತಾರ್ನಾಕದಲ್ಲಿ, ತೆರಿಗೆ ಸಲಹೆ ಕೊಡುವ ಬಸಣ್ಣ ಎಂಬವರಿದ್ದಾರೆ, ನಮ್ಮ ಕಡೆಯವರೇ. ಅವರ ಮುಂದೆ ಪತ್ರ ಇಟ್ಟು, ನಮ್ಮವರು ಕಳ್ಳರೇ ಎಂದು ಕೇಳಿದೆ.

“ಇದೇನು ಪೊಲೀಸ್ ಠಾಣೆ ಏನ್ರಿ ತಂಗಿ?” ಎಂದು ನಕ್ಕರು. “ಎರಡು ಕೆಲಸ ಮಾಡಬ್ಯಾಡ ಅಂತ ಕಂಪನಿಯವ್ರು ಅಂತಾರ. ತೆರಿಗಿಯವ್ರು ಅನ್ನಂಗಿಲ್ಲ. ಎರಡೂ ಕೂಡಸು, ಕಮ್ಮಿ ಬಿದ್ದದ್ದು ಬಡ್ಡಿ ಸಮೇತ ಕಟ್ಟು ಅಂತಾರ, ಮುಗೀತು. ಮುಚ್ಚಿಟ್ರ ಮಾತ್ರ ಕಳ್ಳತನ. ಅದೂ ಅವರದಲ್ಲ, ನಿಮ್ಮದು.”

ನೆಂಟರಿಷ್ಟರಿಗಿಂತ ಇಲಾಖೆಯ ಮನಸ್ಸು ದೊಡ್ಡದೆಂದು ಅಂದು ತಿಳಿಯಿತು. ಅದು ಯಾರ ನಡತೆಯನ್ನೂ ಕೆದಕುವುದಿಲ್ಲ, ಕೂಡಿಸುತ್ತದೆ ಅಷ್ಟೇ. ಎರಡೂ ತೋರಿಸಿ ಎಂದೆ.

“ಹಂಗಾರ ಇಲ್ಲಿ ಸಹಿ ಮಾಡ್ರಿ. ವಾರಸುದಾರರು ಅಂದ್ರ, ಕಾನೂನಿನಾಗ ಈ ಲೆಕ್ಕದ ಮಟ್ಟಿಗೆ ನೀವ ಅವರು.”

ಮರೆತುಬಿಡು, ಮರೆತುಬಿಡು ಎಂದು ಊರೆಲ್ಲ ಹೇಳುತ್ತಿರುವಾಗ, ನೀನೇ ಅವರಾಗು ಎಂದದ್ದು ಸರ್ಕಾರವೊಂದೇ. ನಾನು ಸಹಿ ಮಾಡಿ, ಅವರಾಗಿಯೇ ಬಸ್ಸು ಹತ್ತಿದೆ. ಹತ್ತಿದ್ದೇ ಅವರ ಮೇಲೆ ಸಿಟ್ಟು ಬಂತು. ಹೊಸಬರಿಗೆ ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು? ಆ ತಿಂಗಳು ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಉಂಡಿದ್ದರೆ? ಚೆನ್ನಾಗಿ ಬೈಯಬೇಕೆಂದುಕೊಂಡೆ. ಆದರೆ ಕಾನೂನಿನ ಪ್ರಕಾರ ಬೈಸಿಕೊಳ್ಳಬೇಕಾದವಳೂ ನಾನೇ. ಕೊನೆಗೆ, ಜಗಳದಲ್ಲಿ ಅವರು ಮಾಡುತ್ತಿದ್ದುದನ್ನೇ ಮಾಡಿದೆ. ತಪ್ಪಾಯಿತು ಎಂದು ಮೆಲ್ಲಗೆ ಹೇಳಿ, ಕಿಟಕಿಯ ಕಡೆ ತಿರುಗಿ ಕುಳಿತೆ.