ಹಗುರ ಕೆಲಸದ ಗರಗಸ

ಹೋದ ವಾರ ರಾಯಚೂರಿನ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹಿಡಿ ಮೊಳೆ ತರಲು ಹೋದವನು ಅರ್ಧ ತಾಸು ಬೇರೆಯದನ್ನೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗರಗಸ. ಮೊಳದುದ್ದವೂ ಇಲ್ಲ. ಅಂಚಿಗೆ ಸೈಕಲ್ ಚೈನಿನಂಥ ಸರಪಳಿ, ಅದಕ್ಕೆ ಹಲ್ಲು. ದರವೂ ಅಗ್ಗ. ಕೊಳ್ಳಲೋ ಬೇಡವೋ ಎಂದು ತಿರುಗಿಸಿ ನೋಡುತ್ತಿದ್ದಾಗ ಸರಪಳಿಗೆ ಸವರಿದ್ದ ಎಣ್ಣೆಯ ವಾಸನೆ ಮೂಗಿಗೆ ಬಂತು. ಅಷ್ಟೇ ನೋಡಿ, ನಾನು ಎಂಬತ್ತರ ದಶಕದ ದೇವದುರ್ಗದಲ್ಲಿದ್ದೆ.

ಆಗ ನಾನು ಅಲ್ಲಿ ಹೊಸ ಮಾಸ್ತರ. ಹನುಮವ್ವ ಎಂಬುವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಹನುಮವ್ವನಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಗಿಲ್ಲೆಸುಗೂರಿಗೆ ಕೊಟ್ಟಿದ್ದರು. ಮನೆಯ ಇನ್ನರ್ಧದಲ್ಲಿ ಅವರ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ, ದುರುಗವ್ವ ಇದ್ದರು. ನಡುಗೋಡೆಯ ಮೇಲಿನ ಒಂದು ತೊಲೆ ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ತೊಲೆ ಮಾತ್ರ ಎರಡೂ ಮನೆಯನ್ನು ಹೊತ್ತುಕೊಂಡು ಸುಮ್ಮನಿತ್ತು.

ಹನುಮವ್ವನ ಕಸುಬು ಕಟ್ಟಿಗೆಯದು. ನಮ್ಮ ಕಡೆಯ ಬಳ್ಳಾರಿ ಜಾಲಿಯನ್ನು ನೀವು ಕಂಡಿರುತ್ತೀರಿ. ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ, ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನೇ ಎದ್ದು ನಿಲ್ಲುತ್ತದೆ. ಅದರ ಮುಳ್ಳು ಚಪ್ಪಲಿ ದಾಟಿ ಬಂದು ಕಾಲನ್ನು ಮಾತಾಡಿಸುತ್ತದೆ. ಒಣಗಿದ ಬೊಡ್ಡೆಯಂತೂ ಕಬ್ಬಿಣ. ಅದನ್ನು ಕೊಡಲಿಯಿಂದ ಕಡಿದು, ತುಂಡು ಮಾಡಿ, ಒಂದು ಹೋಟೆಲಿಗೂ ಒಂದು ಮಂಡಕ್ಕಿ ಭಟ್ಟಿಗೂ ಹಾಕುತ್ತಿದ್ದರು. ಅವರ ಕೊಡಲಿಯ ಪೆಟ್ಟು ಕೇಳಿಯೇ ನಾನು ಬೆಳಿಗ್ಗೆ ಏಳುತ್ತಿದ್ದದ್ದು.

ಒಂದು ಬೇಸಿಗೆಯಲ್ಲಿ ಕಟ್ಟಿಗೆ ಹೇರುವಾಗ ಬಂಡಿಯ ಮೇಲಿಂದ ಬಿದ್ದು ಅವರ ಬಲಭುಜ ಸರಿಯಿತು. ಮೂಳೆ ಕೂಡಿತು, ಆದರೆ ತೋಳು ಭುಜದ ಮಟ್ಟಕ್ಕಿಂತ ಮೇಲೆ ಏಳದಾಯಿತು. ತೋಳೆತ್ತದೆ ಕೊಡಲಿ ಬೀಸುವುದು ಹೇಗೆ? ಎರಡು ತಿಂಗಳು ಹೇಗೋ ಸಣ್ಣ ಪುಳ್ಳೆ ಕೊಟ್ಟು ಸಂಭಾಳಿಸಿದರು. ಹೋಟೆಲಿನವನು ದಪ್ಪ ತುಂಡು ಬೇಕೆಂದು ಬೇರೆಯವರನ್ನು ವಿಚಾರಿಸತೊಡಗಿದ. ಮಗಳು ತನ್ನಲ್ಲಿಗೆ ಬಂದಿರು ಎಂದು ಹೇಳಿ ಕಳಿಸಿದಳು. ಹನುಮವ್ವ ಮಾತ್ರ ಕೊಡಲಿಯ ಕಾವಿಗೆ ಎಣ್ಣೆ ಹಚ್ಚುತ್ತಲೇ ಇದ್ದರು.

ಆಗಲೇ ನಾನು ರಾಯಚೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಗರಗಸದ ಮಷಿನ್ ನೋಡಿದ್ದು. ಕೊಲ್ಲಿ ದೇಶದಿಂದ ಬಂದ ನೆಂಟ ತಂದದ್ದೆಂದು ಅಂಗಡಿಯ ಸಾಬರು ಹೇಳಿದರು. ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಸಾಕು, ಬುರ್ ಎನ್ನುತ್ತಿತ್ತು. ಸಣ್ಣದು, ಸೋವಿಯದು. ನಾನು ಊರಿಗೆ ಬಂದು ಅದನ್ನು ಹೊಗಳಿದ ರೀತಿಗೆ ಅದನ್ನು ಮಾಡಿದವನೂ ನಾಚಬೇಕು. ಹನುಮವ್ವ ಎಂಟು ದಿನ ನನ್ನನ್ನು ಪ್ರಶ್ನೆ ಕೇಳಿದರು. ಹಲ್ಲು ಮೊಂಡಾದರೆ ಮಸೆಯುವವರು ಯಾರು? ಸರಪಳಿ ಹರಿದರೆ ದೇವದುರ್ಗದಲ್ಲಿ ಸಿಗುತ್ತದೆಯೇ? ನನಗೆ ಏನೂ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲದಕ್ಕೂ ಉತ್ತರ ಕೊಟ್ಟೆ.

ಕೊನೆಗೆ ಒಂದು ರಜೆಯ ದಿನ ಇಬ್ಬರೂ ರಾಯಚೂರಿನ ಬಸ್ಸು ಹತ್ತಿದೆವು. ಅವರ ಕಾಲಬುಡದಲ್ಲಿ ಒಂದು ಗೋಣಿಚೀಲ. ಏನೆಂದು ಕೇಳಿದರೆ, ಜಾಲಿಯ ಬೊಡ್ಡೆ ಎಂದರು. ಸೀರೆ ಕೊಳ್ಳಲು ಹೋಗುವವರು ಮೈ ಬಿಟ್ಟು ಹೋಗುತ್ತಾರೇನು ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ಅಂಗಡಿಯಲ್ಲಿ ಸಾಬರು ಮಷಿನ್ ಚಾಲೂ ಮಾಡಿ ಸೇಬಿನ ಪೆಟ್ಟಿಗೆಯ ಹಲಗೆಯೊಂದನ್ನು ಕ್ಷಣದಲ್ಲಿ ಎರಡು ಮಾಡಿದರು. ನಾನು ಗೆದ್ದವನಂತೆ ನೋಡಿದೆ. ಹನುಮವ್ವ ಮಷಿನ್ನಿನ ಖಾಲಿ ಡಬ್ಬವನ್ನು ನನ್ನ ಮುಂದೆ ಸರಿಸಿದರು.

"ಇದರ ಮ್ಯಾಲ ಏನೇನ್ ಬರದಾರ, ಎಲ್ಲಾ ಓದ್ರಿ ಮಾಸ್ತರ. ನಿಮಗ ಸೇರಿದ್ದಷ್ಟ ಓದಬ್ಯಾಡ್ರಿ."

ಓದಿದೆ. ಕೊನೆಯ ಸಾಲು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು: ಹಗುರ ಕೆಲಸಕ್ಕೆ ಮಾತ್ರ. ಹಿಂದಿನ ಸಲವೇ ಅದು ನನ್ನ ಕಣ್ಣಿಗೆ ಬಿದ್ದಿತ್ತು ಎಂಬುದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅಂದು ಅವರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ಹನುಮವ್ವ ಚೀಲದಿಂದ ಬೊಡ್ಡೆ ತೆಗೆದು ಕಟ್ಟೆಯ ಮೇಲಿಟ್ಟರು. ಸಾಬರು ಒಮ್ಮೆ ಅದನ್ನು, ಒಮ್ಮೆ ಅವರನ್ನು ನೋಡಿದರು. ಆದರೂ ಬೇಡವೆನ್ನಲಿಲ್ಲ. ಮಷಿನ್ ಎರಡು ಬೆರಳು ಒಳಗೆ ಹೋಗಿ ಏದುಸಿರು ಬಿಟ್ಟಿತು, ನೀಲಿ ಹೊಗೆ ಉಗುಳಿತು, ಅಲ್ಲೇ ಕಚ್ಚಿಕೊಂಡು ನಿಂತಿತು. ಬಿಡಿಸಲು ಸಾಬರಿಗೆ ಸಾಕುಬೇಕಾಯಿತು. ಹನುಮವ್ವ ಮಷಿನ್ನಿನ ಮೇಲೆ, ಬಳಲಿದ ಎತ್ತಿನ ಬೆನ್ನಿನ ಮೇಲಿಡುವಂತೆ, ಕೈಯಿಟ್ಟರು.

"ಇದರ ತಪ್ಪಿಲ್ಲ ಬಿಡ್ರಿ. ಇದನ್ನ ಹಗುರ ಕೆಲಸಕ್ಕ ಅಂತ ಮಾಡ್ಯಾರ. ನನ್ನ ಕೆಲಸ ಹಗುರ ಅಲ್ಲ."

ಆ ಮಾತಿನಲ್ಲಿ ದುಃಖವಿರಲಿಲ್ಲ. ನಾನು ಅವರನ್ನು ಗಿಲ್ಲೆಸುಗೂರಿನ ಬಸ್ಸಿಗೆ ಹತ್ತಿಸಬೇಕಾದೀತೆಂದು ಒಳಗೊಳಗೇ ಅಳುಕುತ್ತಿದ್ದರೆ, ಅವರು ಆಗಲೇ ಗೋಡೆಗೆ ತೂಗುಹಾಕಿದ್ದ ಉದ್ದನೆಯ ಗರಗಸವನ್ನು ನೋಡುತ್ತಿದ್ದರು. ಎರಡೂ ತುದಿಗೆ ಹಿಡಿಕೆಯಿದ್ದ, ಇಬ್ಬರು ಕೂತು ಎಳೆಯುವ ಗರಗಸ. ಹಿಡಿಕೆಗೆ ಕೈ ಹಾಕಿ, ಸೊಂಟದ ಮಟ್ಟದಲ್ಲೇ ತೋಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಿದರು. ಭುಜ ಎತ್ತುವ ಮಾತೇ ಇಲ್ಲ. ಇನ್ನೊಂದು ಹಿಡಿಕೆಗೆ ಯಾರಿದ್ದಾರೆ ಎಂದು ಸಾಬರು ಕೇಳಿದರು. ಹನುಮವ್ವ ನನ್ನತ್ತ ನೋಡಿದರು. ಡಬ್ಬದ ಮೇಲಿನ ಇಂಗ್ಲಿಷ್ ಓದಲು ಬಂದ ನಾನು ಹೀಗೆ ಕೂಲಿಗೆ ಸೇರಿದೆ.

ಮೊದಲ ಭಾನುವಾರ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ನಾನು ಬಲ ಹಾಕಿದಷ್ಟೂ ಗರಗಸ ಬಳುಕಿ ಸಿಕ್ಕಿಕೊಳ್ಳುತ್ತಿತ್ತು. ಹನುಮವ್ವ ಸ್ವಲ್ಪ ಹೊತ್ತು ತಾಳಿಕೊಂಡು ಹೇಳಿದರು: "ನೂಕಬ್ಯಾಡ್ರಿ ಮಾಸ್ತರ. ನಿಮ್ಮ ಸರತಿ ಬಂದಾಗ ಎಳೀರಿ, ಆಮ್ಯಾಲ ಬಿಟ್ಟುಕೊಡ್ರಿ. ನೂಕೂ ಕೆಲಸ ಇಬ್ರಿಗೂ ಇಲ್ಲ." ಅದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಬಿಟ್ಟುಕೊಡುವುದು ಎಳೆಯುವುದಕ್ಕಿಂತ ಕಷ್ಟ. ಆದರೆ ಒಮ್ಮೆ ಲಯ ಸಿಕ್ಕಿತೋ, ಜಾಲಿಯ ಕೆಂಪು ಹೊಟ್ಟು ಎರಡೂ ಬದಿಗೆ ಸಮನಾಗಿ ಉದುರತೊಡಗಿತು. ಹೋಟೆಲಿನವನು ಮತ್ತೆ ದಪ್ಪ ತುಂಡು ತೆಗೆದುಕೊಂಡ.

ಎರಡು ವರ್ಷದ ಮೇಲೆ ನನಗೆ ಮಾನ್ವಿಗೆ ವರ್ಗವಾಯಿತು. ನಾನಿಲ್ಲದೆ ಅವರ ಕಸುಬೇ ನಿಂತೀತೆಂದು ನನಗೆ ಬಹಳ ಚಿಂತೆ. ಅವರಿಗೆ ಅಂಥದ್ದೇನೂ ಇದ್ದಂತೆ ಕಾಣಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ದಿನ ತಡೆಯಲಾರದೆ ದೇವದುರ್ಗಕ್ಕೆ ಹೋದೆ. ಅಂಗಳದಲ್ಲಿ ಗರಗಸ ನಡೆದಿತ್ತು. ನನ್ನ ತುದಿಯಲ್ಲಿ ದುರುಗವ್ವ ಕೂತಿದ್ದರು. ನಾನು ಒಂದು ತಿಂಗಳು ಕಷ್ಟಪಟ್ಟು ಕಲಿತದ್ದು ಅವರಿಗೆ ಮೊದಲೇ ಬರುತ್ತಿದ್ದಂತಿತ್ತು. ಹೇಗಾಯಿತು ಎಂದು ಮೆಲ್ಲಗೆ ಕೇಳಿದ್ದಕ್ಕೆ, ತಾನು ಒಂದು ಬೆಳಿಗ್ಗೆ ಗರಗಸವನ್ನು ಬೊಡ್ಡೆಯ ಮೇಲಿಟ್ಟು ಒಬ್ಬಳೇ ಕೂತಿದ್ದೆ, ಆಕೆ ಬಂದು ಎದುರಿಗೆ ಕೂತಳು, ಅಷ್ಟೇ ಎಂದರು ಹನುಮವ್ವ. ಮಾತಿನ್ನೂ ಶುರುವಾಗಿರಲಿಲ್ಲ. ದುರುಗವ್ವ ಬೆವರೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಮಾಸ್ತರ, ಚಾ ಇಡಾಕತ್ತೀನಿ. ನಿಮ್ಮವ್ವ ಸಕ್ರಿ ಎಷ್ಟು ತಗೋತಾಳ ಕೇಳ್ರಿ."

"ಆಕಿಗಿ ಗೊತ್ತದ ಅಂತ ಹೇಳ್ರಿ," ಎಂದರು ಹನುಮವ್ವ, ಹೊಟ್ಟು ಗುಡಿಸುತ್ತ.

ಅವರಿಬ್ಬರೂ ಇನ್ನೂ ಹಲವು ವರ್ಷ ಜಾಲಿ ಕೊಯ್ದರು. ಹೋಟೆಲಿಗೆ ಗ್ಯಾಸಿನ ಒಲೆ ಬಂದ ಮೇಲೆಯೇ ನಿಲ್ಲಿಸಿದ್ದಂತೆ.

ಇತ್ತ ಅಂಗಡಿಯವನು ಕೆಮ್ಮಿದ. ಬ್ಯಾಟರಿಯ ಗರಗಸ ಇನ್ನೂ ನನ್ನ ಕೈಯಲ್ಲೇ ಇತ್ತು. ಏನು ಕೊಯ್ಯುವುದಿದೆ ಎಂದು ಕೇಳಿದ. ನಮ್ಮ ಹಿತ್ತಿಲಲ್ಲಿ ಇರುವುದು ಒಂದು ನುಗ್ಗೆಗಿಡ. ವರ್ಷಕ್ಕೆರಡು ಸಲ ನಾಲ್ಕು ಟೊಂಗೆ ಇಳಿಸಬೇಕು, ಅವೂ ಮಗು ಹತ್ತಿದರೆ ಮುರಿಯುವಂಥವು. ಇಪ್ಪತ್ತೈದರ ವಯಸ್ಸಿನಲ್ಲಾಗಿದ್ದರೆ ನಾಲ್ಕನ್ನು ನಲವತ್ತು ಮಾಡಿ ಹೇಳಿ, ದೊಡ್ಡ ಮಷಿನ್ನೇ ಹೊತ್ತು ತರುತ್ತಿದ್ದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅಷ್ಟಕ್ಕೆ ಇದು ಧಾರಾಳವಾಯಿತು ಎಂದ. ಸರಿ, ಕಟ್ಟಿಕೊಡಪ್ಪ ಎಂದೆ. ಮರುದಿನ ಬಿಸಿಲೇರುವುದರೊಳಗೆ ನಾಲ್ಕೂ ಟೊಂಗೆ ಕೆಳಗಿದ್ದವು, ಓಣಿಯ ನಾಲ್ಕು ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಒಲೆಯ ಮೇಲಿತ್ತು.